ಮಾಲತೀಮಾಧವರ ಊರಿಗೆ

ಕಾಶೀ ರಾಮೇಶ್ವರಾದಿ ಯಾತ್ರೆಗಳನ್ನು ಕುರಿತು ವಾಚಕ ಮಹಾಶಯರು ಅನೇಕ ಲೇಖನಗಳನ್ನು ಓದಿರುವರು. ನಾನು ಈಗ ಹೇಳಹೊರಟಿರುವುದು ಯಾವ ಪುಣ್ಯಕ್ಷೇತ್ರಗಳ ಪಟ್ಟಿಯಲ್ಲಿಯೂ ಸೇರದ ಒಂದು ಹಳ್ಳಿಯ ವಿಚಾರ. ಅಲ್ಲಿಗೆ ಹೋಗಿಬಂದುದರಿಂದ ನನಗೆ ಪುಣ್ಯಸಂಪಾದನೆಯಾಯಿತೋ ಇಲ್ಲವೋ ತಿಳಿಯದು. ಆದರೆ ಮೂವತ್ತು ವರ್ಷಗಳಿಗೂ ಮಿಕ್ಕು ನಾನು ಹೊತ್ತುಕೊಂಡಿದ್ದ ಒಂದು ಸುಳ್ಳಿನ ಭಾರವೇನೋ ಅಲ್ಲಿ ಇಳಿಯಿತು. ಅದು ಇಳಿದ ಬಗೆಯು ನಗೆಗೀಡಾದುದು. ನಗುವವರು ನಗಲಿ ಎಂದೇ ಬರೆಯುತ್ತಿದ್ದೇನೆ.

ಮಧ್ಯಪ್ರದೇಶದ ಗ್ವಾಲಿಯರ್ ಜಿಲ್ಲೆಯಲ್ಲಿ, ಡಬರಾ ಎಂಬ ರೈಲು ನಿಲ್ದಾಣದ ಊರಿಗೆ ನೈಋತ್ಯದಲ್ಲಿ ಪವಾಯಾ ಎಂಬ ಗ್ರಾಮವುಂಟು. ಸಿಂಧ್ ಮತ್ತು ಪಾರ್ವತೀ ಎಂಬ ಎರಡು ನದಿಗಳು ಕೂಡುವ ಮೂಲೆಯಲ್ಲಿ ಅದು ಕುಳಿತಿದೆ. ಈ ಸಿಂಧ್ ನದಿಯು ಪಂಚನದದ ಮಹಾಸಿಂಧುವಲ್ಲ. ಯಮುನೆಯನ್ನು ಸೇರುವ ಬೇರೊಂದು ನದಿ. ಆ ಗ್ರಾಮವೇ ಹಿಂದಿನ ಪದ್ಮಾವತೀ ನಗರ. ನಾಗವಂಶದ ಅರಸರು ಅಲ್ಲಿ ಆಳಿದರು. ಅವರ ಸಣ್ಣ ಸಣ್ಣ ತಾಮ್ರದ ನಾಣ್ಯಗಳು ಅಲ್ಲಿಯ ಮಣ್ಣಿನಲ್ಲಿ ಹೇರಳವಾಗಿ ದೊರೆತಿವೆ. ಎಂಟನೆಯ ಶತಮಾನದ ಪೂರ್ವಾರ್ಧದಲ್ಲಿದ್ದ ಭವಭೂತಿ ಮಹಾಕವಿಯು ತನ್ನ ‘ಮಾಲತೀಮಾಧವ’ವೆಂಬ ಹತ್ತು ಅಂಕಗಳ ಪ್ರಕರಣದ ಕಥೆಯನ್ನು ಈ ನಗರದಲ್ಲಿಯೇ ನಡೆಯಿಸಿದ್ದಾನೆ. ಮೈಸೂರಿನಲ್ಲಿ ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಿಂದಲೂ ಈ ಊರನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಆಸೆ ನನಗಿದ್ದಿತು. ಪ್ರೌಢಶಾಲೆಯ ಸಂಸ್ಕೃತೋಪಾಧ್ಯಾಯನಿಗೆ ಆಸೆಗಳಿರುತ್ತವೆ. ರಜವೂ ಹಣವೂ ಒಟ್ಟಿಗೆ ಇರುವುದಿಲ್ಲ. ನಿವೃತ್ತನಾದ ಮೇಲೆ, “ಮದುವೆಯಾದಂದಿನಿಂದ ಆ ಊರಿನ ಹೆಸರು ಕೇಳಿ ಕೇಳಿ ಸಾಕಾಗಿದೆ. ಒಂದು ಸಲ ನೋಡಿಬಿಡೋಣ ನಡೆಯಿರಿ,” ಎಂದು ನನ್ನ ಗೃಹಿಣಿಯೇ ಹೊರಡಿಸಿದಳು.

ಪುಷ್ಯಮಾಸದ ಒಂದು ಸಂಜೆ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಗಾಡಿಯನ್ನು ಹತ್ತಿದೆವು. ಎರಡು ರಾತ್ರಿ, ಒಂದು ಹಗಲು ಪ್ರಯಾಣ. ಚಪಾತಿ, ಚಟ್ನಿಪುಡಿ, ಕೋಡುಬಳೆಗಳ ಗಂಟು ಭೂಸಾವಳವನ್ನು ದಾಟುವ ಹೊತ್ತಿಗೆ ಅರ್ಧವಾಗಿದ್ದಿತು. ದಾರಿಯುದ್ದಕ್ಕೂ ನಾನು ಆಕೆಗೆ ನಾಟಕದ ಕಥೆಯನ್ನು ಹೇಳಿದೆನು. ಆಕೆಗೆ ಅದು ಬಾರದ ಕಥೆಯೇನೂ ಅಲ್ಲ, ಆದರೂ ಕೇಳಿದಳು. ವಾಚಕರಲ್ಲಿ ಕೆಲವರಿಗೆ ಅದು ಹೊಸದಾಗಿರಬಹುದಾದುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳುವೆನು.

ಭೂರಿವಸು, ದೇವರಾತ ಎಂಬಿಬ್ಬರು ಸಹಪಾಠಿಗಳು. ತಮ್ಮಲ್ಲಿ ಒಬ್ಬನಿಗೆ ಗಂಡು, ಒಬ್ಬನಿಗೆ ಹೆಣ್ಣು ಹುಟ್ಟಿದರೆ ಅವರಿಬ್ಬರಿಗೂ ವಿವಾಹ ಮಾಡಬೇಕೆಂದು ವಿದ್ಯಾರ್ಥಿದೆಸೆಯಲ್ಲಿಯೇ ಮಾತು ಕೊಟ್ಟುಕೊಂಡರು. ಮುಂದೆ ಭೂರಿವಸುವು ಪದ್ಮಾವತಿಯ ರಾಜನಿಗೂ, ದೇವರಾತನು ವಿದರ್ಭದ ರಾಜನಿಗೂ ಮಂತ್ರಿಗಳಾದರು. ಭೂರಿವಸುವಿನ ಮಗಳು ಮಾಲತಿ. ದೇವರಾತನ ಮಗನು ಮಾಧವ. ಅಷ್ಟರಲ್ಲಿ ಪದ್ಮಾವತಿಯ ರಾಜನು ತನ್ನ ವಿನೋದದ ಗೆಳೆಯನಾದ ನಂದನನೆಂಬವನಿಗೆ ಮಾಲತಿಯನ್ನು ಕೇಳಿದನು. ಮಂತ್ರಿಯು ಒಲ್ಲೆನೆನ್ನಲಾರ, ಆಗಲಿ ಎನ್ನಲಾರ. ಮಹಾರಾಜರಿಗೆ ಸ್ವಂತ ಮಗಳ ಮೇಲೆ ಅಧಿಕಾರವುಂಟಷ್ಟೆ ಎಂಬರ್ಥದ ಎರಡು ಬಗೆಯ ಮಾತನ್ನಾಡಿ ತಪ್ಪಿಸಿಕೊಂಡನು. ಯಾರ ಮಗಳು ಎಂಬುದನ್ನು ಕೇಳಿದವರು ತಮಗೆ ಬೇಕಾದಂತೆ ತಿಳಿದುಕೊಳ್ಳಬಹುದು. ತರ್ಕವಿದ್ಯೆಯನ್ನು ಕಲಿಯುವ ನೆಪದಿಂದ ಮಾಧವನು ಈ ಊರಿಗೆ ಬಂದು, ಮಾಲತಿಯನ್ನು ಕಂಡು ಮೋಹಿತನಾಗುವ ವೇಳೆಗೆ ಆಕೆಯು ಬೇರೊಬ್ಬನಿಗೆ ಗೊತ್ತಾದ ಹೆಣ್ಣು.

ಈ ತೊಡಕನ್ನು ಬಿಡಿಸುವವಳು ಕಾಮಂದಕಿ ಎಂಬ ವೃದ್ಧ ಬೌದ್ಧಸನ್ಯಾಸಿನಿ. ಹಿಂದೆ ಸ್ನೇಹಿತರಿಬ್ಬರೂ ಮಾತು ಕೊಟ್ಟುಕೊಂಡುದು ಆಕೆಯ ಎದುರಿನಲ್ಲಿಯೇ. ಮದುವೆಯ ದಿನ ಮಾಲತಿಯು ನಗರದೇವತೆಯ ಗುಡಿಗೆ ಬಂದಾಗ, ಆಕೆಯ ಮದುವಣಗಿತ್ತಿಯ ವೇಷವನ್ನು ಮಾಧವನ ಗೆಳೆಯನಾದ ಮಕರಂದನಿಗೆ ಉಡಿಸಿ, ಅವನನ್ನು ನಂದನನ ಮನೆಗೆ ಕಳುಹಿಸಲಾಗುತ್ತದೆ. ಮೀಸೆ ಮೂಡಿದ ಮದುವಣಗಿತ್ತಿಯ ಕೈಯಲ್ಲಿ ಮದುಮಗನು ಒದೆ ತಿಂದು, ರೇಗಿ ಹೊರಗೆ ಹೋಗುತ್ತಾನೆ. ಅತ್ತಿಗೆಗೆ ಬುದ್ಧಿ ಹೇಳಬೇಕೆಂದು ಒಳಗೆ ಬಂದ ನಂದನನ ತಂಗಿಯು, ಮುಸುಕಿನಲ್ಲಿ ಮಲಗಿದ್ದವನು ತಾನು ಮನಸ್ಸಿನಲ್ಲಿ ಮೆಚ್ಚಿದ್ದ ಮಕರಂದನೇ ಎಂಬುದನ್ನರಿಯದೆ ತನ್ನ ಮನಸ್ಸನ್ನೆಲ್ಲ ಬಿಚ್ಚಿ ಆಡಿಬಿಡುತ್ತಾಳೆ. ಭವಭೂತಿಯು ಕರುಣರಸದ ಕವಿಯೆಂದು ಪ್ರಸಿದ್ಧನು. ಈ ಪ್ರಕರಣದಲ್ಲಿ ಆತನು ವಿದೂಷಕನನ್ನು ಇಟ್ಟುಕೊಂಡೇ ಇಲ್ಲ. ಆದರೂ ಈ ಏಳನೆಯ ಅಂಕವನ್ನೋದಿ ನಗದಿದ್ದವನನ್ನು ನಾನು ಕಂಡಿಲ್ಲ. ಐದನೆಯ ಅಂಕದ ಸ್ಮಶಾನ, ಪ್ರೇತ, ನರಬಲಿಗಳ ವಿಷಯವೇ ಬೇರೆ. ನಮ್ಮ ಗುರುಗಳು ಅದನ್ನು ಹಗಲು ಹೊತ್ತಿನಲ್ಲಿಯೇ ಪಾಠ ಹೇಳಿ ಮುಗಿಸುತ್ತಿದ್ದರು.

ಈ ಕಥೆಯ ಮೇಲೆ ನನಗೆ ಇಷ್ಟು ಮಮತೆಯೇಕೆಂಬುದಕ್ಕೆ ಕಾರಣವುಂಟು. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ನನ್ನ ಗೃಹಿಣಿಯು ನನ್ನ ಸೋದರಮಾವನ ಮಗಳು. ತುಂಗಾತೀರದ ಒಂದು ಗ್ರಾಮದಲ್ಲಿ ಅವರ ಅಡಕೆಯ ತೋಟ. ಬೇಸಗೆಯ ರಜಗಳಲ್ಲಿ ನಮ್ಮಿಬ್ಬರಿಗೂ ಅಜ್ಜನು ಜಗಲಿಯ ಮೇಲೆ ಕೂರಿಸಿಕೊಂಡು ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದನು. ಆಕೆ ತೊಟ್ಟಿಲಲ್ಲಿದ್ದಾಗಲೇ, “ಇವಳು ನಿನ್ನ ಸೊಸೆ,” ಎಂದು ನನ್ನ ತಾಯಿಗೆ ಮಾವನು ಹೇಳಿದ್ದನಂತೆ. ನನ್ನನ್ನು ‘ಭಾವ, ಭಾವ’ ಎಂದು ಕರೆಯುತ್ತ ತೋಟದಲ್ಲಿ ಹಿಂಬಾಲಿಸುತ್ತಿದ್ದಳು. ನಾನು ಮೈಸೂರಿಗೆ ಹೋದೆನು. ಮೊದಲೆರಡು ವರ್ಷ ರಜಕ್ಕೆ ಬಂದೆನು. ಆಮೇಲೆ ಓದಿನ ನೆಪ, ಬಡತನದ ಸಂಕೋಚ, ಬರುವುದು ನಿಂತಿತು. 1991ರಲ್ಲಿ ವಿದ್ವತ್ ಮುಗಿಸಿ, ಕೆಲಸವಿಲ್ಲದೆ, ಒಂದು ಚೀಲವನ್ನು ಹಿಡಿದು ಮಾವನ ಮನೆಗೆ ಬಂದಾಗ, ಆಕೆಗೆ ಬೇರೊಂದು ಸಂಬಂಧವು ಗೊತ್ತಾಗಿ ತಾಂಬೂಲವೂ ಬದಲಾಗಿದ್ದಿತು. ಕೊಳೆರೋಗದಿಂದ ಎರಡು ವರ್ಷ ಅಡಕೆ ನಷ್ಟವಾಗಿ ಮಾವನು ಮಂಡಿಯ ಸಾಹುಕಾರರೊಬ್ಬರಲ್ಲಿ ಸಾಲ ಮಾಡಿದ್ದನು. ಅವರೇ ತಮ್ಮ ಇಂಜಿನಿಯರ್ ಮಗನಿಗೆ ಹೆಣ್ಣು ಕೇಳಿದರು. ಮಾವನು ಭೂರಿವಸುವಿನಂತೆ ಎರಡರ್ಥದ ಮಾತನ್ನೂ ಆಡಲಾರದೆ ಒಪ್ಪಿದನು. ಅವನನ್ನು ನಾನು ಅಂದೂ ದೂರಲಿಲ್ಲ, ಇಂದೂ ದೂರುವುದಿಲ್ಲ.

ನಾನು ಮಾಡಿದುದೇನು? ಏನೂ ಇಲ್ಲ. ಬಡಿಸಿದ ಹೋಳಿಗೆಯನ್ನು ಉಂಡೆನು. “ವಿದ್ವಾನನಾಗಿ ಬಂದಿದ್ದೀಯೆ, ಲಗ್ನಪತ್ರಿಕೆಯನ್ನು ನೀನೇ ಬರೆ,” ಎಂದು ಮಾವನು ಹೇಳಿದಾಗ ಅದಕ್ಕೂ ತಲೆಯಾಡಿಸಿದೆನು. ಅಟ್ಟದ ಮೇಲೆ ಕುಳಿತು, ಆಕೆಯ ಮದುವೆಯ ಲಗ್ನಪತ್ರಿಕೆಯನ್ನು, ಎರಡು ಮಂಗಳಶ್ಲೋಕಗಳ ಸಹಿತ, ದೋಷವಿಲ್ಲದ ಸಂಸ್ಕೃತದಲ್ಲಿ ಬರೆದೆನು. ನನ್ನ ಅಕ್ಷರವು ಪರರು ಓದುವಂತಹುದಲ್ಲ; ಶುದ್ಧಪ್ರತಿಯು ಮನೆಯಲ್ಲಿಯೇ ಆಯಿತು. ಅದರ ನಾಲ್ಕು ಮೂಲೆಗಳಿಗೂ ಅಜ್ಜಿಯು ಅರಿಸಿನವನ್ನು ಹಚ್ಚಿದಳು.

ನಿಶ್ಚಯದ ದಿನ ಪುರೋಹಿತರು ಎಲ್ಲರ ಮುಂದೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. ವರನ ಗೋತ್ರವನ್ನು ಹೇಳುವಲ್ಲಿಗೆ ಬಂದು ತಡೆದರು. ವರನು ವಾಸಿಷ್ಠಗೋತ್ರದವನು, ಪತ್ರಿಕೆಯಲ್ಲಿದ್ದುದು ಭಾರದ್ವಾಜಗೋತ್ರ, ಪ್ರವರ ಸಮೇತ. ಭಾರದ್ವಾಜರು ನಾವು! ಸಭೆಯೆಲ್ಲ ನನ್ನ ಕಡೆಗೆ ತಿರುಗಿತು. ಸಾಹುಕಾರರ ಮುಖ ಕೆಂಪಾಯಿತು. ಮಾವನ ಮುಖ ಬಿಳುಪಾಯಿತು. ವರನು ಮಾತ್ರ ಪತ್ರಿಕೆಯನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿ, ಹುಡುಗಿಯೊಡನೆ ಒಂದು ಮಾತನಾಡಬೇಕೆಂದು ಹಿತ್ತಲಿಗೆ ಹೋದನು. ಅಲ್ಲಿ ಏನು ಮಾತಾಯಿತೋ ನಾನು ಎಂದೂ ಕೇಳಲಿಲ್ಲ. ಹಿಂದಿರುಗಿ ಬಂದು, “ಗೋತ್ರ ತಿದ್ದುವುದು ಬೇಡ, ವರನ ಹೆಸರನ್ನು ತಿದ್ದಿದರೆ ಸಾಕು,” ಎಂದನು. ಅನಂತರ ಮೂರು ದಿನ ನಡೆದ ಗದ್ದಲವನ್ನು ಬರೆದರೆ ಹತ್ತು ಅಂಕಗಳು ಸಾಲವು. ಆ ಮಹನೀಯನೇ ತಂದೆಯನ್ನು ಸಮಾಧಾನಪಡಿಸಿದನು. ಸಾಲವೇನೋ ಇದ್ದಂತೆಯೇ ಇದ್ದಿತು; ಅದನ್ನು ತೀರಿಸಲು ಮಾವನಿಗೂ ನನಗೂ ಒಂಬತ್ತು ವರ್ಷ ಹಿಡಿಯಿತು. ನಂದನನಿಗೆ ನಾಟಕದಲ್ಲಿ ಒದೆ ಬೀಳುವಾಗ ಎಲ್ಲರೂ ನಗುವರು. ನನಗೆ ಆ ನಗುವಿನ ನಡುವೆ ನಮ್ಮ ಇಂಜಿನಿಯರರ ನೆನಪಾಗಿ ನಾಚಿಕೆಯಾಗುವುದುಂಟು.

ಇನ್ನು ನನ್ನ ಸುಳ್ಳಿನ ವಿಚಾರ. ಆ ಗೋತ್ರವು ಪತ್ರಿಕೆಯಲ್ಲಿ ಹೇಗೆ ಬಂದಿತೋ ನನಗೇ ತಿಳಿಯದು. ದಿನವೂ ಸಂಧ್ಯಾವಂದನೆಯಲ್ಲಿ ಹೇಳಿ ಹೇಳಿ ಅಭ್ಯಾಸವಾದ ಪ್ರವರವು ಮನಸ್ಸು ಬೇರೆಡೆಯಲ್ಲಿದ್ದಾಗ ಕೈಯಿಂದ ಇಳಿದಿರಬೇಕೆಂದುಕೊಂಡೆನು. ಆದರೆ ಭಾವಮೈದುನಂದಿರು, “ಬೇಕೆಂದೇ ಬರೆದೆಯಲ್ಲವೇ?” ಎಂದು ಬೆನ್ನು ತಟ್ಟಿದಾಗ, ಇಲ್ಲವೆನ್ನಲು ಮನಸ್ಸು ಬಾರದೆ ಮುಗುಳ್ನಕ್ಕೆನು. ಮುಗುಳ್ನಗೆಯು ವರ್ಷಕಳೆದಂತೆ ಕಥೆಯಾಯಿತು. ಮಕ್ಕಳಿಗೆ ಹೇಳಿದೆನು, ಅಳಿಯನಿಗೆ ಹೇಳಿದೆನು; ಪ್ರೌಢಶಾಲೆಯ ಬೀಳ್ಕೊಡುಗೆಯ ಸಭೆಯಲ್ಲಿಯೂ ಹೇಳಿದೆನು. ಆ ಕಥೆಯಲ್ಲಿ ನಾನು ಮಾಧವನೂ ಹೌದು, ಮಕರಂದನೂ ಹೌದು. ಹೇಳುವಾಗಲೆಲ್ಲ ನನ್ನ ಗೃಹಿಣಿಯು ಕಾಫಿಯ ತಟ್ಟೆಯನ್ನು ಹಿಡಿದು ನಗುತ್ತ ಒಳಕ್ಕೆ ಹೋಗುವಳು. ಆಕೆಯು ಅದನ್ನು ನಂಬಿ ನನ್ನ ಧೈರ್ಯವನ್ನು ಮೆಚ್ಚಿಕೊಂಡಿದ್ದಾಳೆಂದು ನಾನು ತಿಳಿದಿದ್ದೆನು. ಅದೇ ನನ್ನನ್ನು ಚುಚ್ಚುತ್ತಿದ್ದುದು.

ಗ್ವಾಲಿಯರಿನಲ್ಲಿ ಬೆಳಕು ಹರಿಯುವ ಮುನ್ನ ಇಳಿದೆವು. ಕೊರೆಯುವ ಚಳಿ. ಹಗಲೇರಿದ ಮೇಲೆ ಕೋಟೆಯ ಬುಡದಲ್ಲಿರುವ ಗೂಜರೀ ಮಹಲಿಗೆ ಹೋದೆವು. ತೋಮರ ವಂಶದ ಮಾನಸಿಂಹನು ತನ್ನ ಪ್ರಿಯರಾಣಿಯಾದ ಮೃಗನಯನಿಗಾಗಿ ಕಟ್ಟಿಸಿದ ಅರಮನೆಯದು, ಈಗ ವಸ್ತುಸಂಗ್ರಹಾಲಯ. ಪವಾಯಾದಲ್ಲಿ ದೊರೆತ ಶಿಲ್ಪಗಳು ಇಲ್ಲಿವೆ. ಶಿವನಂದಿ ಎಂಬ ರಾಜನ ನಾಲ್ಕನೆಯ ಆಳ್ವಿಕೆಯ ವರ್ಷದಲ್ಲಿ ಭಕ್ತರ ಗೋಷ್ಠಿಯೊಂದು ನಿಲ್ಲಿಸಿದ ಮಾಣಿಭದ್ರಯಕ್ಷನ ದೊಡ್ಡ ವಿಗ್ರಹವುಂಟು. ಅದಕ್ಕಿಂತ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದುದು ಗುಪ್ತರ ಕಾಲದ ಒಂದು ತೋರಣದ ಕಲ್ಲು. ನಡುವೆ ಒಬ್ಬ ನರ್ತಕಿ. ಸುತ್ತಲೂ ವೀಣೆ, ಮದ್ದಲೆ ಮುಂತಾದ ವಾದ್ಯಗಳನ್ನು ಹಿಡಿದು ಕುಳಿತ ಹೆಂಗಸರು. “ಎಲ್ಲರೂ ಹೆಂಗಸರೇ. ಗಂಡಸರು ಕಾಣುವುದೇ ಇಲ್ಲವಲ್ಲ,” ಎಂದಳು ನನ್ನಾಕೆ. ಆ ಮಾತಿನಲ್ಲಿ ಏನೋ ಇದ್ದಿತೆಂದು ಆಗ ನನಗೆ ಹೊಳೆಯಲಿಲ್ಲ.

ಮರುದಿನ ಬಾಡಿಗೆಯ ಕಾರಿನಲ್ಲಿ ಹೊರಟೆವು. ಪವಾಯಾ ಅಲ್ಲಿಂದ ಸುಮಾರು 70 ಕಿಲೋಮೀಟರ್. ಝಾನ್ಸಿಯ ಹೆದ್ದಾರಿಯಲ್ಲಿ ಡಬರಾದವರೆಗೆ ಸುಖವಾಗಿ ಸಾಗಿ, ಆಮೇಲೆ ಹಳ್ಳಿಯ ದಾರಿಯನ್ನು ಹಿಡಿಯಬೇಕು. ಎರಡು ಕಡೆಗಳಲ್ಲಿಯೂ ಗೋಧಿಯ ಹಸುರು, ನಡುನಡುವೆ ಸಾಸಿವೆಯ ಹಳದಿ. ನಮ್ಮ ಮಲೆನಾಡಿನ ಕಣ್ಣಿಗೆ ಅಷ್ಟು ಬಯಲು, ಅಷ್ಟು ಆಕಾಶ ಅಪರೂಪ.

ಈ ಸ್ಥಳವನ್ನು ಗುರುತಿಸಿದ ಕಥೆಯೂ ಸ್ವಾರಸ್ಯವಾದುದು. ನಾಟಕದ ಒಂಬತ್ತನೆಯ ಅಂಕದಲ್ಲಿ ಸೌದಾಮಿನಿ ಎಂಬ ಯೋಗಿನಿಯು ಶ್ರೀಪರ್ವತದಿಂದ ಆಕಾಶಮಾರ್ಗವಾಗಿ ಬಂದು ಪದ್ಮಾವತಿಯನ್ನು ಮೇಲಿನಿಂದ ನೋಡುತ್ತಾಳೆ. ಶ್ರೀಪರ್ವತವೆಂದರೆ ನಮ್ಮ ಉತ್ತರ ಕರ್ನಾಟಕದ ಭಕ್ತರು ಯುಗಾದಿಗೆ ಕಾಲ್ನಡೆಯಿಂದ ಹೋಗುವ ಶ್ರೀಶೈಲವೇ. ಆಕೆಯ ಬಾಯಿಂದ ಕವಿಯು ಸಿಂಧು, ಪಾರಾ, ಲವಣಾ, ಮಧುಮತೀ ನದಿಗಳನ್ನೂ, ಸಿಂಧುವಿನ ಧುಮುಕನ್ನೂ, ಸುವರ್ಣಬಿಂದುವೆಂಬ ಶಿವಕ್ಷೇತ್ರವನ್ನೂ ವರ್ಣಿಸಿದ್ದಾನೆ. 1860ರ ದಶಕದಲ್ಲಿ ಕನಿಂಗ್‌ಹ್ಯಾಮ್ ಸಾಹೇಬರು ಈ ವರ್ಣನೆಯನ್ನು ಹಿಡಿದು ಹೊರಟು, ಪಾರಾ ಎಂಬುದು ಪಾರ್ವತಿ, ಮಧುಮತಿಯು ಮಹುವರ್ ಎಂದು ನದಿಗಳನ್ನೆಲ್ಲ ಕಂಡುಹಿಡಿದರು. ಆದರೆ ನಗರವನ್ನು ಮಾತ್ರ ಸುಮಾರು 40 ಕಿಲೋಮೀಟರ್ ಆಚೆಯ ನರವರ್ ದುರ್ಗವೆಂದು ನಿರ್ಣಯಿಸಿಬಿಟ್ಟರು. ಮುಂದೆ ಗ್ವಾಲಿಯರ್ ಸಂಸ್ಥಾನದ ಪುರಾತತ್ತ್ವಾಧಿಕಾರಿಗಳಾದ ಗರ್ದೆಯವರು ಪವಾಯಾದಲ್ಲಿ ಅಗೆಯಿಸಿ ಇದೇ ಪದ್ಮಾವತಿಯೆಂದು ಸ್ಥಿರಪಡಿಸಿದರು. ಗುರುತುಗಳೆಲ್ಲ ಸರಿ, ಊರು ಮಾತ್ರ ತಪ್ಪು! ಅಂತಹ ಪಂಡಿತರಿಗೇ ಹೀಗಾದ ಮೇಲೆ ನನ್ನಂತಹವನ ಪಾಡೇನು?

ಊರಿನಲ್ಲಿ ಕಾಣಲು ಈಗ ಉಳಿದಿರುವುದು ಸ್ವಲ್ಪ. ಹೊಲಗಳ ನಡುವೆ ಅಗೆದು ತೆಗೆದ ಇಟ್ಟಿಗೆಯ ವಿಷ್ಣುಮಂದಿರದ ಜಗತಿ, ಒಂದರ ಮೇಲೊಂದು ಮೆಟ್ಟಿಲಾಗಿ ಏರಿದೆ. ಗರ್ಭಗುಡಿಯೆಂಬುದಿಲ್ಲ. ಮಾಲತಿಯು ಮಾಧವನನ್ನು ಇಣಿಕಿ ನೋಡಿದ ಮಹಡಿಯ ಕಿಟಕಿಯೆಲ್ಲಿ, ಅವನು ಬಕುಲಮಾಲೆಯನ್ನು ಕಟ್ಟಿದ ಮದನೋದ್ಯಾನವೆಲ್ಲಿ? ಎಮ್ಮೆಗಳನ್ನು ಹೊಡೆದುಕೊಂಡು ಬಂದ ಮುದುಕನೊಬ್ಬನು ನಮ್ಮನ್ನು ನಿಲ್ಲಿಸಿ, ಇಷ್ಟು ದೂರದಿಂದ ಈ ಇಟ್ಟಿಗೆಗಳನ್ನು ನೋಡಲು ಬಂದಿರಾ ಎಂದು ಹಿಂದಿಯಲ್ಲಿ ಕೇಳಿದನು. ಮದುವೆಯೊಂದು ನಡೆದ ಸ್ಥಳವನ್ನು ನೋಡಲು ಎಂದೆನು. ಯಾರ ಮದುವೆ ಎಂದನು. ನನ್ನ ಹರಕು ಹಿಂದಿಗೆ ಅಷ್ಟು ದೊಡ್ಡ ಉತ್ತರ ಒದಗಲಿಲ್ಲ.

ಅಲ್ಲಿಂದ ಧೂಮೇಶ್ವರಕ್ಕೆ ಹೋದೆವು. ಸಿಂಧ್ ನದಿಯು ಬಂಡೆಗಳ ಮೇಲೆ ಧುಮುಕುವೆಡೆಯ ದಡದಲ್ಲಿ ದೊಡ್ಡ ಶಿವಾಲಯ. ಹದಿನೇಳನೆಯ ಶತಮಾನದ ಆದಿಯಲ್ಲಿದ್ದ ಓರ್ಛಾದ ಬುಂದೇಲ ದೊರೆ ವೀರಸಿಂಹದೇವನು ಕಟ್ಟಿಸಿದನೆಂದು ಹೇಳುವರು. ಭವಭೂತಿಯು ಹೇಳಿದ ಧುಮುಕು ಇದೇ. ಪುಷ್ಯದಲ್ಲಿ ನೀರು ಕಡಿಮೆ. ಆದರೂ ಸದ್ದಿಗೇನೂ ಕೊರತೆಯಿರಲಿಲ್ಲ. ನನ್ನಾಕೆಯು ಶಿವನಿಗೆ ನೀರೆರೆದು ಬಂದಳು. ದಡದ ಬಂಡೆಯ ಮೇಲೆ ಕುಳಿತು ಉಳಿದ ಕೋಡುಬಳೆಯನ್ನು ತೆಗೆದೆವು. ಎದುರಿನ ಮರದಲ್ಲಿ ಗೊರವಂಕಗಳು ಕಿಚಗುಟ್ಟುತ್ತಿದ್ದವು.

ಅವುಗಳನ್ನು ಕಂಡು ನನಗೆ ಬಾಣಭಟ್ಟನ ಮಾತು ನೆನಪಾಯಿತು. ಇದೇ ಪದ್ಮಾವತಿಯಲ್ಲಿ ನಾಗಕುಲದ ನಾಗಸೇನನೆಂಬ ರಾಜನು, ಒಂದು ಸಾರಿಕೆಯು ಅವನ ರಹಸ್ಯವನ್ನು ಆಡಿಬಿಟ್ಟುದರಿಂದ ಹಾಳಾದನೆಂದು ಹರ್ಷಚರಿತದಲ್ಲಿ ಹೇಳಿದೆ. ಸಾರಿಕೆಯೆಂದರೆ ಗೊರವಂಕ. ಅದನ್ನು ಆಕೆಗೆ ಹೇಳಿದೆನು. ಹೇಳುತ್ತ ಹೇಳುತ್ತ ನನಗೇ ಮೈ ಬೆವರಿತು. ಅರುವತ್ತು ವರ್ಷವಾಯಿತು, ಎದುರಿಗೆ ಶಿವಾಲಯ, ಇನ್ನು ಯಾವಾಗ ಹೇಳುವುದು?

“ನಿನಗೊಂದು ವಿಷಯ ಹೇಳಬೇಕು,” ಎಂದೆನು. “ಆ ಲಗ್ನಪತ್ರಿಕೆಯ ಗೋತ್ರವಿದೆಯಲ್ಲ, ಅದು ನಾನು ಬೇಕೆಂದು ಬರೆದದ್ದಲ್ಲ. ಧೈರ್ಯವೂ ಅಲ್ಲ, ಉಪಾಯವೂ ಅಲ್ಲ. ಕೈತಪ್ಪು. ಇಷ್ಟು ದಿನ ಎಲ್ಲರಿಗೂ ಸುಳ್ಳು ಹೇಳಿಕೊಂಡು ಬಂದೆ.”

ಆಕೆಯು ಕೋಡುಬಳೆಯನ್ನು ಕೆಳಗಿಟ್ಟಳು. ಕೋಪಿಸಿಕೊಳ್ಳುವಳೆಂದು ನಾನು ಕಾದೆನು.

“ಕೈತಪ್ಪೂ ಅಲ್ಲ,” ಎಂದಳು. “ನೀವು ಬರೆದದ್ದು ಸರಿಯಾಗಿಯೇ ಇತ್ತು. ವಾಸಿಷ್ಠ ಅಂತಲೇ ಬರೆದಿದ್ದಿರಿ. ಒಂದು ದೀರ್ಘವೂ ತಪ್ಪಿರಲಿಲ್ಲ.”

ನನಗೆ ಅರ್ಥವಾಗಲಿಲ್ಲ.

“ಶುದ್ಧಪ್ರತಿ ಮಾಡಿದವರು ಯಾರು ಅಂದುಕೊಂಡಿದ್ದೀರಿ? ಅಜ್ಜಿಗೆ ಓದು ಬರುತ್ತಿತ್ತೇ? ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ ಹಿಡಿದುಕೊಂಡು ಬಂದು ಎಬ್ಬಿಸಿದರು. ಹುಡುಗನ ಗೋತ್ರ ಇರುವ ಸಾಲು ಯಾವುದು ತೋರಿಸು ಅಂದರು. ತೋರಿಸಿದೆ. ಅಲ್ಲಿ ನಮ್ಮ ಹುಡುಗನದು ಬರೆ ಅಂದರು. ನನಗೆ ಕೈ ನಡುಗಿತು. ಬೈಗುಳ ಅವನ ಮೇಲೆ ಬೀಳುತ್ತದೆ ಅಜ್ಜಿ ಅಂದೆ. ಬೀಳಲಿ, ಬಾಯಿ ಮುಚ್ಚಿಕೊಂಡು ಹೋಳಿಗೆ ತಿಂದಿದ್ದಾನಲ್ಲ, ಅಷ್ಟಾದರೂ ಬೀಳಲಿ ಅಂದರು.”

ಆ ಅಜ್ಜಿಯು ತೀರಿಕೊಂಡು ಇಪ್ಪತ್ತೈದು ವರ್ಷಗಳಾದವು. ಆಕೆಯ ಕೊನೆಯ ಕಾಯಿಲೆಯಲ್ಲಿ ನಾನು ಪಕ್ಕದಲ್ಲಿ ಕುಳಿತು ವಿಷ್ಣುಸಹಸ್ರನಾಮವನ್ನು ಪಠಿಸಿದ್ದೆನು. ಒಂದು ಮಾತನ್ನೂ ಆಡಿರಲಿಲ್ಲ.

“ಆ ಹಿತ್ತಲಿನಲ್ಲಿ,” ಎಂದೆನು ಸ್ವಲ್ಪ ಹೊತ್ತಾದ ಮೇಲೆ, “ಆತ ನಿನ್ನನ್ನು ಏನು ಕೇಳಿದ?”

“ಅಕ್ಷರ ಮುದ್ದಾಗಿದೆ, ಬರೆದವರು ಯಾರು ಅಂತ ಕೇಳಿದರು. ನಾನು ಅಂದೆ. ಅಷ್ಟೇ. ಬೇರೆ ಏನೂ ಕೇಳಲಿಲ್ಲ.”

ಅಷ್ಟು ಬುದ್ಧಿವಂತನನ್ನು ನಾನು ಮನಸ್ಸಿನಲ್ಲಿಯೇ ನಂದನನೆಂದು ಕರೆದುಕೊಂಡಿದ್ದೆನಲ್ಲಾ!

“ಇಷ್ಟು ವರ್ಷ ನನಗೆ ಹೇಳಲಿಲ್ಲವೇಕೆ?”

“ಅಪ್ಪ ಇರುವವರೆಗೂ ಹೇಳಬೇಡ ಅಂತ ಅಜ್ಜಿ ಮಾತು ತೆಗೆದುಕೊಂಡಿದ್ದರು. ಅಪ್ಪ ಹೋಗುವ ಹೊತ್ತಿಗೆ ನೀವು ಆ ಕಥೆಯನ್ನು ನೂರು ಸಲ ಹೇಳಿಯಾಗಿತ್ತು. ಹೇಳುವಾಗ ನಿಮ್ಮ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಅದನ್ನು ಏಕೆ ಕೆಡಿಸಲಿ ಅಂತ ಸುಮ್ಮನಿದ್ದೆ.”

ಎದುರಿಗೆ ಸಿಂಧುವು ಬಂಡೆಯಿಂದ ಬಂಡೆಗೆ ಧುಮುಕುತ್ತಲೇ ಇದ್ದಿತು. ಕಾಮಂದಕಿಯನ್ನು ಕುರಿತು ನಾನು ಎಷ್ಟು ವರ್ಷ ಎಷ್ಟು ಜನಕ್ಕೆ ಪಾಠ ಹೇಳಿದ್ದೆನು! ನಮ್ಮ ಮನೆಯೊಳಗಿನವಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಗುವನ್ನು ತಡೆಯಲಾರದೆ ನಕ್ಕೆನು, ಆಕೆಯೂ ನಕ್ಕಳು. ಕಾರಿನ ಹುಡುಗನು ದೂರದಿಂದ ನಮ್ಮನ್ನು ನೋಡಿ, ಏನಾಯಿತೋ ಎಂದು ಎದ್ದು ನಿಂತನು.

“ಊರಿಗೆ ಹೋದ ಮೇಲೆ ಮಕ್ಕಳಿಗೆ ಏನು ಹೇಳುವುದು?” ಎಂದೆನು.

ಆಕೆಯು ಕೋಡುಬಳೆಯ ಡಬ್ಬಿಯ ಮುಚ್ಚಳವನ್ನು ಒತ್ತಿ ಚೀಲದಲ್ಲಿಟ್ಟು, ಎದ್ದು ಸೆರಗನ್ನು ಕೊಡವಿಕೊಂಡಳು.

“ಅದನ್ನು ದಾರಿಯಲ್ಲಿ ಯೋಚಿಸೋಣ. ಹೊತ್ತಾಯಿತು, ಏಳಿ ಭಾವ,” ಎಂದಳು.